ಅಪ್ಪನ ಡಬ್ಬಿಯ ಮಾತ್ರೆ

ಮೂರು ವರ್ಷದ ಹಿಂದೆ, ಒಂದು ದೊಡ್ಡ ರಿಲೀಸ್‌ನ ಹಿಂದಿನ ವಾರ, ಪುಣೆಯ ನಮ್ಮ ಬಡಾವಣೆಯ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. 160/100. ಎದೆಬಡಿತವೂ ಜೋರಾಗಿತ್ತು. ಇನ್ನೆರಡು ಸಲ ಕರೆಸಿ, ಇಸಿಜಿ ಮಾಡಿಸಿ, ಮೆಟೊಪ್ರೊಲಾಲ್ ಬರೆದುಕೊಟ್ಟರು. ಚೀಟಿ ಹಿಡಿದು ಔಷಧಿ ಅಂಗಡಿಯ ಮುಂದೆ ನಿಂತಾಗ ಆ ‘ಲಾಲ್’ ಎಂಬ ಕೊನೆ ಎಲ್ಲೋ ಕೇಳಿದಂತಿತ್ತು. ಸಾಗರದ ನಮ್ಮ ಮನೆಯಲ್ಲಿ ಅಪ್ಪನ ಮಾತ್ರೆ ಡಬ್ಬಿಯಲ್ಲಿದ್ದದ್ದು ಅಟೆನೊಲಾಲ್. ಅದೇ ಕುಟುಂಬದ ಅಣ್ಣತಮ್ಮಂದಿರು ಇವು. ಇವಕ್ಕೆ ಬೀಟಾ ಬ್ಲಾಕರ್ ಎನ್ನುತ್ತಾರೆ.

ಈ ಕುಟುಂಬದ ಮೂಲ ಹುಡುಕಲು ಕೂತವನಿಗೆ ಮೊದಲು ಸಿಕ್ಕಿದ್ದು ಒಂದು ತಿರಸ್ಕೃತ ಲೇಖನ. ಅಮೆರಿಕದ ಜಾರ್ಜಿಯಾದ ರೇಮಂಡ್ ಆಲ್‌ಕ್ವಿಸ್ಟ್ ಎಂಬ ಔಷಧಶಾಸ್ತ್ರಜ್ಞ, ಅಡ್ರಿನಲಿನ್ ದೇಹದ ಒಂದು ಕಡೆ ರಕ್ತನಾಳವನ್ನು ಬಿಗಿಗೊಳಿಸಿ ಇನ್ನೊಂದು ಕಡೆ ಸಡಿಲಿಸುವುದು ಹೇಗೆ ಎಂದು ಯೋಚಿಸಿದ. ಅದನ್ನು ಸ್ವೀಕರಿಸುವ ಗ್ರಾಹಕಗಳಲ್ಲೇ ಎರಡು ಬಗೆಯಿವೆ, ಆಲ್ಫಾ ಮತ್ತು ಬೀಟಾ, ಎಂದು ವಾದಿಸಿದ. ಹೃದಯದ ಬಡಿತವನ್ನು ಹೆಚ್ಚಿಸುವುದು ಬೀಟಾ. ಔಷಧಶಾಸ್ತ್ರದ ಪತ್ರಿಕೆ ಲೇಖನವನ್ನು ಹಿಂದಿರುಗಿಸಿತು. 1948ರಲ್ಲಿ ಅದು ಶರೀರಶಾಸ್ತ್ರದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸುಮಾರು ಹತ್ತು ವರ್ಷ ಅದನ್ನು ಹೆಚ್ಚು ಜನ ತಲೆಗೆ ಹಚ್ಚಿಕೊಳ್ಳಲಿಲ್ಲ.

ಹಚ್ಚಿಕೊಂಡವನು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಗಣಿ ಎಂಜಿನಿಯರ್ ಒಬ್ಬರ ಮಗ. ವೈದ್ಯಕೀಯ ಓದಿದ, ಓದಿನ ಸಾಲ ತೀರಿಸಲು ಸಿಂಗಪುರಕ್ಕೆ ಹೋಗಿ ಪಾಠ ಹೇಳಿದ, ಮರಳಿ ಬಂದು ಗ್ಲಾಸ್ಗೋದ ಪಶುವೈದ್ಯ ಶಾಲೆಯಲ್ಲಿ ಕೆಲಸ ಮಾಡಿದ. ಅವನ ತಂದೆ ಕಾರು ಅಪಘಾತವೊಂದರ ಬೆನ್ನಿಗೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಗಾಬರಿ, ಅಡ್ರಿನಲಿನ್, ಹೃದಯ, ಈ ಮೂರರ ನಂಟು ಅವನನ್ನು ಕಾಡುತ್ತಿತ್ತು.

ಆಗ ಎದೆನೋವಿಗೆ, ಅಂದರೆ ಆಂಜೈನಾಕ್ಕೆ, ಔಷಧಿ ಹುಡುಕುತ್ತಿದ್ದವರೆಲ್ಲ ಹೃದಯಕ್ಕೆ ಹೆಚ್ಚು ರಕ್ತ ಹರಿಸುವುದು ಹೇಗೆಂದು ನೋಡುತ್ತಿದ್ದರು. ಬ್ಲ್ಯಾಕ್ ಲೆಕ್ಕವನ್ನು ತಿರುಗಿಸಿ ಹಾಕಿದ. ಪೂರೈಕೆ ಹೆಚ್ಚಿಸಲಾಗದಿದ್ದರೆ ಬೇಡಿಕೆ ತಗ್ಗಿಸೋಣ. ಬೀಟಾ ಗ್ರಾಹಕದ ಬಾಗಿಲಲ್ಲಿ ಬೇರೊಂದು ಅಣುವನ್ನು ಕೂರಿಸಿದರೆ ಅಡ್ರಿನಲಿನ್ ಒಳಹೋಗದು, ಹೃದಯ ನಿಧಾನವಾಗಿ ಬಡಿಯುತ್ತದೆ, ಆಮ್ಲಜನಕವೂ ಕಡಿಮೆ ಸಾಕು. ಸರ್ವರ್ ಸಾಲದೆ ಬಂದಾಗಲೆಲ್ಲ ಹೊಸ ಸರ್ವರ್ ಕೇಳುವ ನನ್ನಂಥವನಿಗೆ ಇದು ಕಿವಿ ಹಿಂಡಿದ ಹಾಗಿತ್ತು.

1958ರಲ್ಲಿ ಅವನು ಇಂಗ್ಲೆಂಡಿನ ಐಸಿಐ ಕಂಪನಿ ಸೇರಿದ. ಅದೇ ವರ್ಷ ಅಮೆರಿಕದ ಲಿಲ್ಲಿ ಕಂಪನಿಯ ಪ್ರಯೋಗಾಲಯದಿಂದ ಬೀಟಾ ಗ್ರಾಹಕವನ್ನು ತಡೆಯುವ ಮೊದಲ ಅಣುವಿನ ಸುದ್ದಿ ಬಂತು. ಆದರೆ ಅದು ತಡೆಯುವುದರ ಜೊತೆಗೆ ತಾನೂ ಹೃದಯವನ್ನು ಸ್ವಲ್ಪ ಕೆರಳಿಸುತ್ತಿತ್ತು. ಬ್ಲ್ಯಾಕ್ ಮತ್ತು ರಸಾಯನಶಾಸ್ತ್ರಜ್ಞ ಜಾನ್ ಸ್ಟೀಫನ್‌ಸನ್ ಅದನ್ನು ತಿದ್ದಿ ಪ್ರೊನೆಥಲಾಲ್ ಮಾಡಿದರು. ರೋಗಿಗಳಿಗೆ ಗುಣ ಕಂಡಿತು, ಆದರೆ ಇಲಿಗಳಲ್ಲಿ ಗೆಡ್ಡೆ ಕಾಣಿಸಿತು. ಅದನ್ನು ಬದಿಗಿಟ್ಟು 1964ರಲ್ಲಿ ಮುಂದಿಟ್ಟದ್ದೇ ಪ್ರೊಪ್ರನೊಲಾಲ್.

ಇದು ಬಿಪಿಯ ಮಾತ್ರೆಯಾದದ್ದು ಆಕಸ್ಮಿಕ. ಲಂಡನ್ನಿನ ವೈದ್ಯ ಬ್ರಯಾನ್ ಪ್ರಿಚಾರ್ಡ್, ಎದೆನೋವಿಗೆ ಕೊಟ್ಟ ಮದ್ದು ರಕ್ತದೊತ್ತಡವನ್ನೂ ಇಳಿಸುತ್ತಿರುವುದನ್ನು ಗಮನಿಸಿದ. ಒಂದು ಗುಳಿಗೆಗೆ ಇಳಿಯದ ಒತ್ತಡ ವಾರಗಟ್ಟಲೆ ಕೊಟ್ಟರೆ ಇಳಿಯುತ್ತಿತ್ತು. ಹಾಗಾಗಿ ಹಲವರು ಬೇಗ ನಂಬಲಿಲ್ಲ. ಇನ್ನೊಂದು ತಿರುವು ಇದಕ್ಕಿಂತ ವಿಚಿತ್ರ. ಸೋತ ಹೃದಯಕ್ಕೆ ಈ ಮದ್ದು ಕೊಡಲೇಬಾರದು ಎಂಬುದು ಆಗಿನ ಪಾಠ. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಜೊತೆಗಾರರು ಅಂಥ ಏಳು ರೋಗಿಗಳಿಗೆ ಇದನ್ನೇ ಕೊಟ್ಟು ಸುಧಾರಣೆ ಕಂಡರು. 1999ರಲ್ಲಿ ಎರಡು ದೊಡ್ಡ ಪ್ರಯೋಗಗಳು ಇಂಥ ರೋಗಿಗಳ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿದ್ದನ್ನು ತೋರಿಸಿದವು. ಕೊಡಬಾರದೆಂದಿದ್ದದ್ದು ಕೊಡಲೇಬೇಕಾದದ್ದಾಯಿತು. ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಬಂತು.

ಇದು ಎಲ್ಲರಿಗೂ ಹೊಂದುವ ಮದ್ದಲ್ಲ. ಶ್ವಾಸನಾಳದಲ್ಲೂ ಬೀಟಾ ಗ್ರಾಹಕಗಳಿರುವುದರಿಂದ ಅಸ್ತಮಾ ಇದ್ದವರಿಗೆ ಅಪಾಯ. ಬೇರೆ ಕಾರಣವಿಲ್ಲದ ಬರೀ ಬಿಪಿಗೆ ಇದು ಮೊದಲ ಆಯ್ಕೆಯಲ್ಲ ಎಂದು 2006ರಲ್ಲಿ ಬ್ರಿಟನ್ನಿನ ಮಾರ್ಗಸೂಚಿಯೇ ಬದಲಾಯಿತು.

ಓದುತ್ತ ಓದುತ್ತ ನಾನು ನಿಂತದ್ದು 1970ರ ದಶಕದ ಇನ್ನೊಂದು ತಿಳಿವಳಿಕೆಯ ಮುಂದೆ. ಬಾಗಿಲು ಮುಚ್ಚಿದಷ್ಟು ದಿನ ದೇಹ ಹೊಸ ಬಾಗಿಲುಗಳನ್ನು ಮಾಡಿಕೊಳ್ಳುತ್ತಿರುತ್ತದೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಅಷ್ಟೂ ಬಾಗಿಲುಗಳಿಂದ ಅಡ್ರಿನಲಿನ್ ಒಳನುಗ್ಗುತ್ತದೆ. ಹೃದಯದ ತೊಂದರೆ ಇದ್ದವರಿಗೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಬಿಡಬೇಕಾದರೆ ವೈದ್ಯರ ಕಣ್ಣೆದುರು, ಮೆಲ್ಲಗೆ ಬಿಡಬೇಕು.

ಅಪ್ಪ ಹಾಗೆ ಬಿಡಲಿಲ್ಲ. “ಬಿಪಿ ನಾರ್ಮಲ್ ಬಂತಲ್ಲ ಮಾರಾಯ, ಇನ್ಯಾಕೆ ಮಾತ್ರೆ?” ಎಂದು ಫೋನಿನಲ್ಲಿ ನಕ್ಕಿದ್ದರು. ನಾನು ಆಗ ಪುಣೆಗೆ ಹೊಸಬ, ಮೀಟಿಂಗಿಗೆ ಹೊರಟಿದ್ದವನು, “ಸರಿ ಅಪ್ಪ, ಒಳ್ಳೇದಾಯ್ತು” ಎಂದುಬಿಟ್ಟೆ. ಹನ್ನೊಂದನೇ ದಿನ ಬೆಳಗಿನ ಜಾವ ಅಮ್ಮನ ಫೋನ್ ಬಂತು. ಮಾತ್ರೆ ಬಿಟ್ಟದ್ದರಿಂದಲೇ ಹಾಗಾಯಿತೆಂದು ನಾನು ಹೇಳಲಾರೆ. ಅವರಿಗೆ ಎಪ್ಪತ್ತಾಗಿತ್ತು, ಬೀಡಿಯೂ ಇತ್ತು. ಆದರೆ ಬಿಡಬೇಡಿ ಎನ್ನಬಹುದಾಗಿದ್ದವನು ನಾನು, ಮತ್ತು ನಾನು ಅನ್ನಲಿಲ್ಲ.

ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದವರು ನಾವೆಲ್ಲ. ಈ ಭಾನುವಾರ ಫೋನ್ ಮಾಡಿದಾಗ ಊಟ, ಮಳೆ, ಅಡಿಕೆ ದರ ಎಲ್ಲ ಕೇಳಿ. ಜೊತೆಗೆ ಡಬ್ಬಿಯಲ್ಲಿರುವ ಮಾತ್ರೆಗಳ ಹೆಸರನ್ನೂ ಓದಿಸಿ ಬರೆದುಕೊಳ್ಳಿ. ಯಾವುದಾದರೂ ಬಿಟ್ಟಿದ್ದೀರಾ ಎಂದು ಕೇಳಿ. ಅಮ್ಮನ ಡಬ್ಬಿಯಲ್ಲಿರುವ ಐದು ಹೆಸರು ಈಗ ನನಗೆ ಬಾಯಿಪಾಠ.