ಹಡಗು ಒಡೆದವರಿಗಾಗಿ ಮಾಡಿದ ದಾರಿ

ವೆಸ್ಟ್ ಕೋಸ್ಟ್ ಟ್ರೇಲ್ ಉದ್ದ 75 ಕಿಲೋಮೀಟರ್. ಬೆಂಗಳೂರಿಂದ ಮೈಸೂರು ರಸ್ತೆಯಲ್ಲಿ ಹೊರಟರೆ ಅಷ್ಟರಲ್ಲಿ ಮದ್ದೂರು ವಡೆ ಕೂಡ ಸಿಗಲ್ಲ. ಆದರೆ ಕೆನಡಾದ ಪಶ್ಚಿಮ ತುದಿಯ ವ್ಯಾಂಕೂವರ್ ದ್ವೀಪದ ಈ ದಾರಿಗೆ ಆರರಿಂದ ಎಂಟು ದಿನ ಇಟ್ಟುಕೊಳ್ಳಿ ಅಂತಾರೆ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ವರ್ಷವಿಡೀ ಒದ್ದೆಯಾಗಿರೋ ಕಾಡು. ನಡುವೆ ಕೆಸರು, ಕಡಿದಾದ ಬಂಡೆಗೆ ನಿಲ್ಲಿಸಿದ ಮರದ ಏಣಿಗಳು, ಹೊಳೆ ದಾಟೋಕೆ ಹಗ್ಗ ಎಳೆದುಕೊಂಡು ಹೋಗುವ ತೂಗುಪೆಟ್ಟಿಗೆಗಳು.

ನಾವು ಮೂವರು ಹೋಗೋದು ಅಂತ ತೀರ್ಮಾನವಾಗಿದೆ. ಇಬ್ಬರು ಸಿಯಾಟಲ್‌ನಲ್ಲಿದ್ದಾರೆ, ನಾನಿಲ್ಲಿ. ಆಫೀಸಿನ ಅಭ್ಯಾಸ ನೋಡಿ, ಮೊದಲು ಹುಟ್ಟಿದ್ದು ಒಂದು ಎಕ್ಸೆಲ್ ಶೀಟ್. ಟೆಂಟು, ಸ್ಟವ್, ಪರ್ಮಿಟ್ಟು, ಯಾರ ಬ್ಯಾಗಲ್ಲಿ ಎಷ್ಟು ಕೆಜಿ, ಯಾವ ದಿನ ಎಲ್ಲಿ ಬಿಡಾರ. ಅದರಲ್ಲಿ ನಾನೊಂದು ಕಾಲಂ ಸೇರಿಸಿದೆ: ‘ಇದು ಯಾಕೆ ಇಲ್ಲಿದೆ?’ ಏಣಿ ಯಾಕಿದೆ, ದೀಪಸ್ತಂಭ ಯಾಕಿದೆ, ಅಸಲಿಗೆ ಈ ದಾರಿಯೇ ಯಾಕಿದೆ. “ಲೋ, ನಡೆಯೋಕೆ ಹೋಗ್ತಿದ್ದೀವಾ, ಪಿಎಚ್‌ಡಿ ಮಾಡೋಕಾ?” ಅಂತ ಸಿಯಾಟಲ್ ಕಡೆಯಿಂದ ಮೆಸೇಜು ಬಂತು. ಆದರೆ ಆ ಕಾಲಂ ತುಂಬುತ್ತಾ ಹೋದಂತೆ ಉಳಿದ ಕಾಲಂಗಳೂ ಅರ್ಥವಾಗತೊಡಗಿದವು.

ಯಾಕಂದ್ರೆ ಈ ದಾರಿ ಚಾರಣಿಗರಿಗೆ ಅಂತ ಮಾಡಿದ್ದೇ ಅಲ್ಲ.

ಆ ಕರಾವಳಿಯಲ್ಲಿ ಹ್ಯೂ-ಅಯ್-ಅಟ್, ಡಿಟಿಡಾಟ್, ಪಚೀಡಾಟ್ ಜನ ಸಾವಿರಾರು ವರ್ಷಗಳಿಂದ ಇದ್ದವರು. ದೋಣಿಯಲ್ಲೇ ಹೆಚ್ಚು ಓಡಾಟ, ಜೊತೆಗೆ ಕಾಡಿನ ಕಾಲುದಾರಿಗಳು. ಆಮೇಲೆ ಬಂದಿದ್ದು ತಂತಿ. 1890ರ ಹೊತ್ತಿಗೆ ವಿಕ್ಟೋರಿಯಾದಿಂದ ಕೇಪ್ ಬೀಲ್ ದೀಪಸ್ತಂಭದವರೆಗೆ ಮರದಿಂದ ಮರಕ್ಕೆ ಒಂದೇ ಒಂದು ಟೆಲಿಗ್ರಾಫ್ ತಂತಿ ಎಳೆದರು. ಬಿರುಗಾಳಿಗೆ ಮರ ಬೀಳೋದು, ತಂತಿ ಹರಿಯೋದು, ಲೈನ್‌ಮನ್ ಕಾಡಿಗೆ ಹೋಗಿ ಕಟ್ಟಿ ಬರೋದು. ಆ ಲೈನ್‌ಮನ್‌ಗಳ ಜಾಡೇ ಇವತ್ತಿನ ಟ್ರೇಲಿನ ಅಸ್ಥಿಪಂಜರ. ಹಳೇ ತಂತಿಯ ತುಂಡುಗಳು ಈಗಲೂ ಅಲ್ಲಲ್ಲಿ ಮರಗಳ ನಡುವೆ ಕಾಣಿಸುತ್ತವಂತೆ.

ಹಡಗುಗಳ ಪಾಲಿಗೆ ಆ ಕರಾವಳಿ ‘ಪೆಸಿಫಿಕ್ಕಿನ ಸ್ಮಶಾನ’. ದಕ್ಷಿಣದಿಂದ ಬರುವ ಹಡಗು ಹುವಾನ್ ಡಿ ಫ್ಯೂಕಾ ಜಲಸಂಧಿಯ ಬಾಯಿ ಹುಡುಕಿ ಬಲಕ್ಕೆ ತಿರುಗಬೇಕು. ಮಂಜಿನಲ್ಲಿ ತಿರುವು ತಪ್ಪಿತೋ, ನೇರ ಬಂಡೆಗೆ.

1906ರ ಜನವರಿ 20ರಂದು ‘ವೆಲೆನ್ಸಿಯಾ’ ಅನ್ನೋ ಉಗಿಹಡಗು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ವಿಕ್ಟೋರಿಯಾ, ಸಿಯಾಟಲ್ ಕಡೆ ಹೊರಟಿತು. ಸಿಬ್ಬಂದಿ ಸೇರಿ ಸುಮಾರು 170 ಜನ. ದಾರಿಯಲ್ಲಿ ಹವೆ ಕೆಟ್ಟು ಸೂರ್ಯ, ನಕ್ಷತ್ರ ಏನೂ ಕಾಣದಾಯಿತು. ಎಷ್ಟು ವೇಗದಲ್ಲಿ ಎಷ್ಟು ಹೊತ್ತು ಬಂದೆವು ಅನ್ನೋ ಲೆಕ್ಕದ ಮೇಲೆಯೇ ಕ್ಯಾಪ್ಟನ್ ಹಡಗು ನಡೆಸಿದ. ಉತ್ತರಕ್ಕೆ ಎಳೆಯುತ್ತಿದ್ದ ಪ್ರವಾಹ ಅವನ ಲೆಕ್ಕಕ್ಕೆ ಸಿಗಲಿಲ್ಲ. ಜಲಸಂಧಿ ಹಿಂದೆಯೇ ಉಳಿದು, 22ರ ನಡುರಾತ್ರಿಗೆ ಸ್ವಲ್ಪ ಮುಂಚೆ ಪಚೀನಾ ಪಾಯಿಂಟ್ ಹತ್ತಿರ ಹಡಗು ಬಂಡೆಗೆ ಬಡಿಯಿತು.

ದಡ ನೂರು ಮೀಟರಿನೊಳಗೇ ಇತ್ತು. ಆದರೆ ದಡ ಅಂದ್ರೆ ಮರಳಲ್ಲ, ಗೋಡೆಯಂತೆ ಎದ್ದ ಬಂಡೆ. ಕತ್ತಲಲ್ಲಿ, ಗಾಬರಿಯಲ್ಲಿ ಇಳಿಸಿದ ಲೈಫ್‌ಬೋಟ್‌ಗಳು ಒಂದಾದ ಮೇಲೊಂದು ಮಗುಚಿದವು. ಹೇಗೋ ಒಂಬತ್ತು ಗಂಡಸರು ಬದುಕಿ ದಡ ಹತ್ತಿದರು. ಕಾಡಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಆ ಒಂಟಿ ತಂತಿ. ಅದನ್ನೇ ಹಿಡಿದು ನಡೆದು ಲೈನ್‌ಮನ್ ಗುಡಿಸಲು ತಲುಪಿ ಸುದ್ದಿ ಮುಟ್ಟಿಸಿದರು.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ದೋಣಿ. ಉಳಿದಿದ್ದ ಕೊನೆಯ ದೋಣಿಯಲ್ಲಿ ಕ್ಯಾಪ್ಟನ್ ಕೆಲವರನ್ನು ಒಂದೇ ಒಂದು ಕೆಲಸಕ್ಕೆ ಕಳಿಸಿದ: ದಡ ಸೇರಿ, ಬಂಡೆಯ ನೆತ್ತಿಗೆ ಬಂದು, ಹಡಗಿನಿಂದ ಹಾರಿಸುವ ಹಗ್ಗ ಹಿಡಿದು ಕಟ್ಟಬೇಕು. ಅವರು ದೂರದಲ್ಲಿ ದಡ ಸೇರಿದರು. ಅಲ್ಲೊಂದು ಜಾಡು, ಒಂದು ಫಲಕ: ಕೇಪ್ ಬೀಲ್‌ಗೆ ಮೂರು ಮೈಲಿ. ಗೊತ್ತಿಲ್ಲದ ಕಾಡಿನಲ್ಲಿ ಹಡಗಿನತ್ತ ವಾಪಸ್ ಬರೋದೋ, ಮೂರು ಮೈಲಿ ದೂರದ ದೀಪಸ್ತಂಭಕ್ಕೆ ಹೋಗಿ ಸಹಾಯ ಕೇಳೋದೋ? ದೀಪಸ್ತಂಭಕ್ಕೇ ಹೋದರು, ಎರಡೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಆ ಸುದ್ದಿ ವಿಕ್ಟೋರಿಯಾಕ್ಕೆ ಮುಟ್ಟಿಯಾಗಿತ್ತು.

ಅವರನ್ನು ದೂರೋದು ಸುಲಭ. ಎಸಿ ರೂಮಲ್ಲಿ ಕೂತು ಮ್ಯಾಪ್ ನೋಡೋ ನಾನಂತೂ ದೂರಲ್ಲ. ಚಳಿಗಾಲದಲ್ಲಿ ನೆನೆದು ತೊಪ್ಪೆಯಾಗಿ ನಿಂತವನ ಮುಂದೆ ಬೋರ್ಡಿನ ಮೇಲೆ ಬರೆದಿರೋದು ಅದೊಂದೇ ದಾರಿ. ಇತ್ತ ಹಡಗಿನಿಂದ ಹಾರಿಸಿದ ಹಗ್ಗ ಬಂಡೆಯ ಮೇಲೆ ಹೋಗಿ ಬಿದ್ದಿತ್ತು. ಹಿಡಿಯೋಕೆ ಯಾರೂ ಇರಲಿಲ್ಲ. ಉಜ್ಜಿ ಉಜ್ಜಿ ತುಂಡಾಯಿತು. ಸಹಾಯಕ್ಕೆ ಬಂದ ಹಡಗುಗಳು ಅಲೆಗಳಿಂದಾಗಿ ಹತ್ತಿರ ಬರಲಾಗಲಿಲ್ಲ. ಲೈನ್‌ಮನ್ ಡೇವಿಡ್ ಲೋಗನ್ ಮತ್ತಿಬ್ಬರು ಕಾಡು ದಾಟಿ ಬಂಡೆಯ ತುದಿಗೆ ಬರುವ ಹೊತ್ತಿಗೆ ಜನ ಇನ್ನೂ ಹಡಗಿನ ಹಗ್ಗಗಳಿಗೆ ಜೋತುಬಿದ್ದಿದ್ದರು. ಇವರ ಬಳಿ ಹಗ್ಗವಿಲ್ಲ. 24ರಂದು ಇವರ ಕಣ್ಣೆದುರೇ ಹಡಗು ಒಡೆಯಿತು. ಅಮೆರಿಕ ಸರ್ಕಾರದ ತನಿಖಾ ವರದಿ ಪ್ರಕಾರ ಸತ್ತವರು 136, ಉಳಿದವರು 37. ಉಳಿದವರಲ್ಲಿ ಒಬ್ಬ ಹೆಂಗಸೂ ಇಲ್ಲ, ಒಂದು ಮಗುವೂ ಇಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ‘ಕೊಲೋಮಾ’ ಎಂಬ ಹಾಯಿಹಡಗು ಕೇಪ್ ಬೀಲ್ ಎದುರು ಸಿಕ್ಕಿಹಾಕಿಕೊಂಡಿತು. ಬಿರುಗಾಳಿಗೆ ತಂತಿ ಹರಿದಿತ್ತು. ಗಂಡ ದೀಪ ಬಿಟ್ಟು ಕದಲುವಂತಿಲ್ಲ. ಹೆಂಡತಿ ಮಿನ್ನಿ ಪ್ಯಾಟರ್ಸನ್ ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಬಿದ್ದ ಮರಗಳ ನಡುವೆ ಸುಮಾರು ಹತ್ತು ಕಿಲೋಮೀಟರ್ ಹೋಗಿ, ಬ್ಯಾಮ್‌ಫೀಲ್ಡ್‌ನಲ್ಲಿದ್ದ ‘ಕ್ವಾಡ್ರಾ’ ಹಡಗಿಗೆ ಸುದ್ದಿ ಮುಟ್ಟಿಸಿದಳು. ಕೊಲೋಮಾದ ಸಿಬ್ಬಂದಿ ಉಳಿದರು. ಮಿನ್ನಿ 1911ರಲ್ಲಿ ಕ್ಷಯದಿಂದ ತೀರಿಕೊಂಡಳು. ವೆಲೆನ್ಸಿಯಾದ ಕಥೆ ಎಲ್ಲರಿಗೂ ಗೊತ್ತು, ಈಕೆಯ ಹೆಸರು ಅಷ್ಟಾಗಿ ಕೇಳಿಬರಲ್ಲ ಅನ್ನೋದು ನನ್ನ ತಕರಾರು.

ಇಷ್ಟೆಲ್ಲ ಆದಮೇಲೆ ಸರ್ಕಾರಕ್ಕೆ ಬಿಸಿ ತಾಗಿತು. ಪಚೀನಾ ಪಾಯಿಂಟಿನಲ್ಲಿ ದೀಪಸ್ತಂಭ, ಬ್ಯಾಮ್‌ಫೀಲ್ಡ್‌ನಲ್ಲಿ ಮೋಟಾರ್ ಲೈಫ್‌ಬೋಟ್ ಬಂದವು. 1907ರಿಂದ ಟೆಲಿಗ್ರಾಫ್ ಜಾಡನ್ನು ಅಗಲಿಸಿ ‘ಡೊಮಿನಿಯನ್ ಲೈಫ್‌ಸೇವಿಂಗ್ ಟ್ರೇಲ್’ ಮಾಡಲು ಹೊರಟರು. ದಾರಿಯುದ್ದಕ್ಕೂ ಗುಡಿಸಲುಗಳು, ಅದರೊಳಗೆ ಟೆಲಿಫೋನು, ಕಂಬಳಿ, ಒಂದಿಷ್ಟು ತಿನಿಸು. ಫೋನ್ ಹೇಗೆ ಬಳಸಬೇಕು ಅಂತ ಹಲವು ಭಾಷೆಗಳಲ್ಲಿ ಬರೆದ ಸೂಚನೆ.

ಆ ಸೂಚನೆಯ ಬಗ್ಗೆ ಓದಿದಾಗ ನಾನು ನಮ್ಮ ಶೀಟನ್ನು ಇನ್ನೊಮ್ಮೆ ನೋಡಿದೆ. ನಾವು ಯೋಚನೆ ಮಾಡಿರೋದೆಲ್ಲ ನಮ್ಮ ಬಗ್ಗೆ. ನಮ್ಮ ಶೂ, ನಮ್ಮ ರೇನ್‌ಕೋಟ್, ನಮ್ಮ ಅವಲಕ್ಕಿ. ಅವರು ಯಾರಿಗಾಗಿ ಪ್ಲಾನ್ ಮಾಡಿದ್ದರು? ಬ್ಯಾಗಿಲ್ಲದ, ಬಹುಶಃ ಕಾಲಲ್ಲಿ ಚಪ್ಪಲಿಯೂ ಇಲ್ಲದ, ಯಾವ ಭಾಷೆಯವನು ಅಂತಲೂ ಗೊತ್ತಿಲ್ಲದ, ಯಾವತ್ತೋ ಒಂದು ರಾತ್ರಿ ಸಮುದ್ರದಿಂದ ತೆವಳಿಕೊಂಡು ಬರಬಹುದಾದವನಿಗಾಗಿ.

ಆಮೇಲಿನ ಕಥೆ ಚಿಕ್ಕದು. ರೇಡಿಯೋ, ರೇಡಾರ್ ಬಂದವು, ಹಡಗು ಒಡೆಯೋದು ಕಡಿಮೆಯಾಯಿತು, ದಾರಿ ಕಾಡುಪಾಲಾಯಿತು. 1960ರ ದಶಕದ ಕೊನೆಗೆ ಪರಿಸರದವರು ಮತ್ತೆ ಜಾಡು ಬಿಡಿಸಿದರು. ಆಮೇಲೆ ಅದು ಪೆಸಿಫಿಕ್ ರಿಮ್ ರಾಷ್ಟ್ರೀಯ ಉದ್ಯಾನದ ಭಾಗವಾಯಿತು. ಈಗ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ ತೆರೆದಿರುತ್ತೆ, ಪರ್ಮಿಟ್ ಎಣಿಸಿ ಕೊಡ್ತಾರೆ. ಹೊರಡೋ ಮುಂಚೆ ಅವರ ತಿಳುವಳಿಕೆ ಕ್ಲಾಸಿಗೆ ಕೂರಲೇಬೇಕು. ಬೇಡದ ಕಾಟ ಅಂತ ಗೊಣಗೋರು ಇದ್ದಾರೆ, ನನಗೆ ಹಾಗನ್ನಿಸಲ್ಲ.

ನಮ್ಮ ಪ್ಲಾನಿನಲ್ಲಿ ಅತಿ ಕಷ್ಟದ ಸಾಲು ಅಂದ್ರೆ ಉಬ್ಬರವಿಳಿತದ್ದು. ಅಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಎರಡೂ ಒಂದೇ ಎತ್ತರದವಲ್ಲ. ಓವನ್ ಪಾಯಿಂಟ್ ಗುಹೆಗಳ ಹತ್ತಿರ ನೀರು 1.8 ಮೀಟರಿಗಿಂತ ಕೆಳಗಿದ್ದಾಗ ಮಾತ್ರ ದಾಟಬಹುದು, ಇಲ್ಲದಿದ್ದರೆ ಕಾಡಿನೊಳಗಿನ ದಾರಿಯೇ ಗತಿ. ಕೋಷ್ಟಕದ ಗಂಟೆ ಸ್ಟ್ಯಾಂಡರ್ಡ್ ಸಮಯದ್ದಾಗಿದ್ದರೆ ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿಕೊಳ್ಳಬೇಕು. ನೀರಿನ ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋಕೆ ನನ್ನ ಕಾಲಂನಲ್ಲಿ 1906 ಇದೆ.

ಯಾವ ಕಡೆಯಿಂದ ಹೊರಡೋದು ಅನ್ನೋದೇ ಕೊನೆಯ ಜಗಳ. ದಕ್ಷಿಣದ ಗಾರ್ಡನ್ ರಿವರ್ ಕಡೆ ಏಣಿ, ಬಂಡೆ ಜಾಸ್ತಿ. ಉತ್ತರದ ಪಚೀನಾ ಬೇ ಕಡೆ ಸಲೀಸು. ಕಷ್ಟದ ಭಾಗಕ್ಕೆ ಬರೋ ಹೊತ್ತಿಗೆ ಊಟ ಖಾಲಿಯಾಗಿ ಬ್ಯಾಗ್ ಹಗುರಾಗಿರುತ್ತೆ ಅಂತ ಉತ್ತರದಿಂದ ಹೊರಡೋಣ ಅಂದೆ. ಎರಡು ಓಟು ಬಿತ್ತು. ಮೊದಲ ದಿನ ಪಚೀನಾ ದೀಪಸ್ತಂಭ ದಾಟಿ ಮಿಷಿಗನ್ ಕ್ರೀಕ್‌ನಲ್ಲಿ ಬಿಡಾರ. 1893ರಲ್ಲಿ ಒಡೆದ ‘ಮಿಷಿಗನ್’ ಹಡಗಿನ ಬಾಯ್ಲರ್ ಇಳಿತದಲ್ಲಿ ಅಲ್ಲಿ ಕಾಣುತ್ತಂತೆ. ಎರಡನೇ ದಿನ ಬೆಳಿಗ್ಗೆ, ವೆಲೆನ್ಸಿಯಾ ಬಡಿದ ಬಂಡೆಗಳ ಮೇಲಿನ ಕಾಡಿನಲ್ಲಿ ಅರ್ಧ ಗಂಟೆ ನಿಲ್ಲೋದು ಅಂತ ಶೀಟಿನಲ್ಲಿ ಬರೆದಿದ್ದೀನಿ. ಇದನ್ನು ಮಾತ್ರ ಸಿಯಾಟಲ್‌ನವರು ಯಾರೂ ಅಳಿಸಿಲ್ಲ.