ಫ್ಲಾರಿಡಾದ 537 ಮತಗಳು

ಕಾಸರಗೋಡು ಸೀಮೆಯವರಾದ ನಮಗೆ ಕೂದಲೆಳೆಯ ಅಂತರದ ಸೋಲು-ಗೆಲುವು ಹೊಸತಲ್ಲ. 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶವನ್ನು ನಿರ್ಧರಿಸಿದ್ದು ಕೇವಲ 89 ಮತಗಳು. ಆದರೆ ಒಂದು ಮಹಾರಾಷ್ಟ್ರದ ಅಧ್ಯಕ್ಷ ಪದವಿಯೇ ಒಂದು ರಾಜ್ಯದ 537 ಮತಗಳಿಂದ ತೀರ್ಮಾನವಾದ ಪ್ರಸಂಗವನ್ನು ಓದುವಾಗ, ಎಣಿಕೆಗಿಂತ ಮೊದಲು ಮತಪತ್ರವನ್ನೇ ನೋಡಬೇಕೆಂದು ನಮಗೆ ತೋರುತ್ತದೆ.

2000ದ ನವೆಂಬರ್ 7ರಂದು ಅಮೆರಿಕದಲ್ಲಿ ಚುನಾವಣೆ ನಡೆಯಿತು. ಅಲ್ಲಿ ಅಧ್ಯಕ್ಷರನ್ನು ಆರಿಸುವವರು ರಾಜ್ಯವಾರು ನಿರ್ವಾಚಕರು; ರಾಜ್ಯದಲ್ಲಿ ಒಂದೇ ಮತದಿಂದ ಮುಂದಿದ್ದರೂ ಬಹುತೇಕ ಕಡೆ ಅಲ್ಲಿನ ಎಲ್ಲ ನಿರ್ವಾಚಕ ಮತಗಳೂ ಮುಂದಿದ್ದವರಿಗೇ ಸಲ್ಲುತ್ತವೆ. ಫ್ಲಾರಿಡಾದ ಪಾಲು 25. ಆ ರಾತ್ರಿ ಟಿ.ವಿ. ವಾಹಿನಿಗಳು ಆ ರಾಜ್ಯವನ್ನು ಮೊದಲು ಅಲ್ ಗೋರ್ ಅವರಿಗೆ ಕೊಟ್ಟು ಹಿಂತೆಗೆದುಕೊಂಡವು. ನಡುರಾತ್ರಿ ಕಳೆದ ಮೇಲೆ ಜಾರ್ಜ್ ಬುಷ್ ಅವರಿಗೆ ಕೊಟ್ಟು ಅದನ್ನೂ ಹಿಂತೆಗೆದುಕೊಂಡವು. ಸುಮಾರು 60 ಲಕ್ಷ ಮತಗಳಲ್ಲಿ ಬುಷ್ ಮೊದಲ ಎಣಿಕೆಗೆ 1,784ರಷ್ಟು ಮುಂದಿದ್ದರು.

ಆ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ ವೃದ್ಧರು ಬಹಳ. ಅವರ ಕಣ್ಣಿಗೆ ಅನುಕೂಲವಾಗಲೆಂದು ಮತಪತ್ರದ ಅಕ್ಷರಗಳನ್ನು ದೊಡ್ಡದಾಗಿಸಿದರು. ಹೆಸರುಗಳು ಒಂದೇ ಪುಟದಲ್ಲಿ ಹಿಡಿಸದೆ ಎದುರುಬದುರಿನ ಎರಡು ಪುಟಗಳಿಗೆ ಹರಡಿದವು. ಚುಚ್ಚಬೇಕಾದ ರಂಧ್ರಗಳ ಸಾಲು ಮಾತ್ರ ನಡುವೆ ಒಂದೇ ಉಳಿಯಿತು. ಎಡಪುಟದಲ್ಲಿ ಗೋರ್ ಅವರ ಹೆಸರು ಎರಡನೆಯದು. ಆದರೆ ಎರಡನೆಯ ರಂಧ್ರ ಬಲಪುಟದ ಪ್ಯಾಟ್ ಬುಕಾನನ್ ಅವರದು. ಗೋರ್ ಅವರದು ಮೂರನೆಯದು! ಬುಕಾನನ್ ಅವರಿಗೆ ಅಲ್ಲಿ 3,407 ಮತ ಬಿದ್ದವು. ಅವುಗಳಲ್ಲಿ ಹೆಚ್ಚಿನವು ತಮಗೆಂದು ಹಾಕಿದವಲ್ಲವೆಂದು ಅವರೇ ಹೇಳಿದರು. ಒಂದಕ್ಕಿಂತ ಹೆಚ್ಚು ರಂಧ್ರ ಚುಚ್ಚಿದ 19,000ಕ್ಕೂ ಮಿಕ್ಕಿದ ಮತಪತ್ರಗಳು ತಿರಸ್ಕೃತವಾದವು. ಉಪಕಾರವೆಂದು ಮಾಡಿದ್ದೇ ಹೀಗಾಯಿತು. ಓದಲಾರದ ಲಿಪಿಯ ಅರ್ಜಿ ನಮೂನೆಯನ್ನು ಕೈಯಲ್ಲಿ ಹಿಡಿದು ಕಚೇರಿಯ ಜಗಲಿಯಲ್ಲಿ ನಿಂತ ನಮ್ಮ ಹಿರಿಯರನ್ನು ಕಂಡ ನಮಗೆ ಆ ವೃದ್ಧರ ಗಲಿಬಿಲಿ ತೀರ ದೂರದ್ದೆನಿಸುವುದಿಲ್ಲ.

ಮುಂದಿನದು ನ್ಯಾಯಾಲಯಗಳ ಕಥೆ. ನವೆಂಬರ್ 26ರಂದು ಬುಷ್ 537 ಮತಗಳಿಂದ ಗೆದ್ದರೆಂದು ರಾಜ್ಯವು ಪ್ರಮಾಣೀಕರಿಸಿತು. ಯಂತ್ರವು ಗುರುತಿಸದ ಮತಪತ್ರಗಳನ್ನು ಕೈಯಿಂದ ಎಣಿಸಬೇಕೆಂದು ಡಿಸೆಂಬರ್ 8ರಂದು ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಮರುದಿನವೇ ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದು, 12ರಂದು 5-4ರ ಬಹುಮತದಿಂದ ಎಣಿಕೆಗೆ ತೆರೆಯೆಳೆಯಿತು. ದೇಶದಾದ್ಯಂತ 5 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದ ಗೋರ್, ನಿರ್ವಾಚಕ ಮತಗಳಲ್ಲಿ 271-266ರಿಂದ ಸೋತರು.

ಮರುವರ್ಷ ಪತ್ರಿಕಾ ಸಂಸ್ಥೆಗಳು ಕೂಡಿ ವಿವಾದಿತ ಮತಪತ್ರಗಳನ್ನು ಪರಿಶೀಲಿಸಿದಾಗ, ಎಣಿಸುವ ಕ್ರಮ ಬದಲಾದಂತೆ ಗೆಲ್ಲುವವರೂ ಬದಲಾದರು. ಆದರೆ ಪಾಮ್ ಬೀಚಿನಲ್ಲಿ ಗೋರ್ ಎಂದೆಣಿಸಿ ಬುಕಾನನ್ ಅವರ ರಂಧ್ರವನ್ನು ಚುಚ್ಚಿ ಬಂದವರ ಮತಗಳನ್ನು ಯಾವ ಮರುಎಣಿಕೆಯೂ ಹಿಂದಿರುಗಿಸುವಂತಿರಲಿಲ್ಲ. ಕಾಗದದ ಲೆಕ್ಕದಲ್ಲಿ ಅವು ಸಿಂಧುವಾದ ಮತಗಳೇ.