ಬಾಜೀಲ್ ಎಂಬ ಗೆಳೆಯ, ಒಂದು ಕೊಕ್ಕರೆ ಮತ್ತು ತಿಂಗಳಿಗೆ ಐವತ್ತು ಫ್ರಾಂಕು

ಮೋನೆ ಗೊತ್ತು, ರೆನ್ವಾರ್ ಗೊತ್ತು. ಚಿತ್ರಕಲೆಯ ಗಂಧಗಾಳಿ ಇಲ್ಲದವರೂ ಯಾವುದೋ ಕ್ಯಾಲೆಂಡರಿನಲ್ಲೋ ಡಾಕ್ಟರ ಶಾಪಿನ ಗೋಡೆಯ ಮೇಲೋ ಮೋನೆಯ ನೈದಿಲೆ ಕೊಳ ನೋಡಿರುತ್ತಾರೆ. ಆದರೆ ಫ್ರೆಡೆರಿಕ್ ಬಾಜೀಲ್? ಕಲಾ ಇತಿಹಾಸದ ಪುಸ್ತಕಗಳಲ್ಲಿ ಇವನಿಗೆ ಸಿಗುವುದು ಹೆಚ್ಚೆಂದರೆ ಅರ್ಧ ಪುಟ. ಅದರಲ್ಲೂ ಮೋನೆಗೆ ದುಡ್ಡು ಕೊಟ್ಟ ಸಿರಿವಂತ ಗೆಳೆಯ ಅಂತ ಒಂದು ಸಾಲು ಇದ್ದೇ ಇರುತ್ತೆ. ನನಗೆ ಆ ಸಾಲು ಕಂಡರಾಗದು.

ಬಾಜೀಲ್ ಹುಟ್ಟಿದ್ದು 1841ರ ಡಿಸೆಂಬರ್ 6ರಂದು, ದಕ್ಷಿಣ ಫ್ರಾನ್ಸಿನ ಮೊಂಪೆಲ್ಯೆಯಲ್ಲಿ. ದ್ರಾಕ್ಷಿ ತೋಟಗಳಿದ್ದ ಅನುಕೂಲಸ್ಥ ಮನೆತನ. ಮಗ ಡಾಕ್ಟರಾಗಲಿ ಅಂತ ಮನೆಯವರ ಆಸೆ (ಅಪ್ಪಂದಿರು ಎಲ್ಲ ದೇಶದಲ್ಲೂ ಒಂದೇ!). ಮೆಡಿಸಿನ್ ಬಿಡಬೇಡ, ಜೊತೆಗೆ ಬೇಕಾದರೆ ಚಿತ್ರ ಕಲಿ ಅನ್ನುವ ಒಪ್ಪಂದದ ಮೇಲೆ 1862ರಲ್ಲಿ ಪ್ಯಾರಿಸ್‌ಗೆ ಬಂದ. ಸೇರಿದ್ದು ಶಾರ್ಲ್ ಗ್ಲೇರ್ ಎಂಬ ಹಿರಿಯ ಕಲಾವಿದರ ಸ್ಟುಡಿಯೋ. ಅಲ್ಲಿ ಸಿಕ್ಕವರು ಮೋನೆ, ರೆನ್ವಾರ್, ಸಿಸ್ಲೆ. ಎಲ್ಲರಿಗೂ ಇಪ್ಪತ್ತರ ಆಚೀಚೆ ವಯಸ್ಸು. ಒಬ್ಬೊಬ್ಬರದು ಒಂದೊಂದು ಊರು, ಒಂದೊಂದು ಅಂತಸ್ತು. ಬಣ್ಣದ ಹುಚ್ಚೊಂದಿಲ್ಲದಿದ್ದರೆ ಇವರು ಒಬ್ಬರಿಗೊಬ್ಬರು ಪರಿಚಯವಾಗುವ ಸಂಭವವೇ ಇರಲಿಲ್ಲ. 1864ರಲ್ಲಿ ಬಾಜೀಲ್ ಮೆಡಿಕಲ್ ಪರೀಕ್ಷೆಯಲ್ಲಿ ಫೇಲಾದ. ಅಲ್ಲಿಂದ ಮುಂದೆ ಬರೀ ಚಿತ್ರ.

ಕಲಿತ ವೈದ್ಯ ಪೂರ್ತಿ ದಂಡವಾಗಲಿಲ್ಲ ಅನ್ನಿ. 1865ರ ಬೇಸಿಗೆಯಲ್ಲಿ ಮೋನೆ ಫೊಂತೆನ್‌ಬ್ಲೋ ಕಾಡಿನಂಚಿನ ಶೈಯಿ ಎಂಬ ಹಳ್ಳಿಯಲ್ಲಿ ಒಂದು ಭಾರೀ ಚಿತ್ರಕ್ಕೆ ಕೈ ಹಾಕಿದ್ದ. ಮಾಡೆಲ್ ಆಗಿ ನಿಲ್ಲಲು ಬಾ ಬಾ ಅಂತ ಕಾಗದದ ಮೇಲೆ ಕಾಗದ. ಬಾಜೀಲ್ ಹೋದ. ಹೋಗಿ ನೋಡಿದರೆ ಮೋನೆ ಕಾಲಿಗೆ ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದ. ಬಾಜೀಲ್ ಗಾಯದ ಮೇಲೆ ಒಂದೇ ಸಮ ನೀರು ತೊಟ್ಟಿಕ್ಕುವ ಹಾಗೆ ಮೇಲೊಂದು ಪಾತ್ರೆ ತೂಗುಹಾಕಿದ. ಅಷ್ಟಕ್ಕೇ ಬಿಟ್ಟನಾ? ಆ ಹಾಸಿಗೆ, ಪಾತ್ರೆ, ಬೇಜಾರಿನಿಂದ ಮುಖ ಸೊಟ್ಟಗೆ ಮಾಡಿಕೊಂಡ ಗೆಳೆಯ, ಎಲ್ಲವನ್ನೂ ಸೇರಿಸಿ ಚಿತ್ರ ಬರೆದ! ಅದೀಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಆ ಮುಖ ನೋಡಿದಾಗೆಲ್ಲ ನನಗೆ ನಗು ಬರುತ್ತೆ. ಗೆಳೆಯ ಮಾತ್ರ ಬರೆಯಬಹುದಾದ ಮುಖ ಅದು.

ಬಾಜೀಲ್ ಬಾಡಿಗೆ ಕಟ್ಟುತ್ತಿದ್ದ ಸ್ಟುಡಿಯೋಗಳಲ್ಲಿ ಮೊದಲು ಮೋನೆ ಇದ್ದ, ಆಮೇಲೆ ರೆನ್ವಾರ್ ಬಂದು ಸೇರಿದ. 1867ರಲ್ಲಿ ಅಲ್ಲಿಗೊಂದು ಸತ್ತ ಬೂದು ಕೊಕ್ಕರೆ ತಂದಿಟ್ಟರು. ಅದನ್ನು ಬಾಜೀಲ್ ಒಂದು ಕಡೆಯಿಂದ ಬರೆದ, ಸಿಸ್ಲೆ ಇನ್ನೊಂದು ಕಡೆಯಿಂದ. ರೆನ್ವಾರ್ ಕೊಕ್ಕರೆ ಬಿಟ್ಟು ಕೊಕ್ಕರೆ ಬರೆಯುತ್ತಿದ್ದ ಬಾಜೀಲನನ್ನೇ ಬರೆದ. ಎತ್ತರದ ಆಳು, ಕುರ್ಚಿಯ ಮೇಲೆ ಬೆನ್ನು ಬಾಗಿಸಿ ಕೂತಿದ್ದಾನೆ, ಲೋಕದ ಪರಿವೆ ಇಲ್ಲ. ಹಿಂದಿನ ಗೋಡೆಯಲ್ಲಿ ಮೋನೆಯದೊಂದು ಹಿಮದ ಚಿತ್ರ. ಒಂದೇ ಕ್ಯಾನ್ವಾಸಿನಲ್ಲಿ ಇಡೀ ಗೆಳೆಯರ ಗುಂಪು. ಈ ಚಿತ್ರವನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಈಗ ದುಡ್ಡಿನ ಮಾತು. ಅದೇ ವರ್ಷ ಮೋನೆಯ 'ತೋಟದಲ್ಲಿ ಹೆಂಗಸರು' ಎಂಬ ಎಂಟಡಿಗೂ ಎತ್ತರದ ಚಿತ್ರವನ್ನು ಸಲೋನ್ ಪ್ರದರ್ಶನದವರು ತಿರಸ್ಕರಿಸಿದರು. ಮೋನೆ ಬರಿಗೈ, ಕಮೀಲ್ ಬಸುರಿ. ಬಾಜೀಲ್ ಆ ಚಿತ್ರವನ್ನು 2,500 ಫ್ರಾಂಕಿಗೆ ಕೊಂಡ, ತಿಂಗಳಿಗೆ ಐವತ್ತರ ಕಂತಿನಲ್ಲಿ. ಲೆಕ್ಕ ಹಾಕಿ, ನಾಲ್ಕು ವರ್ಷಕ್ಕೂ ಮೇಲಾಗುತ್ತೆ. ಸಿರಿವಂತ ಅಂದೆವಲ್ಲ, ಕೈಯಲ್ಲಿ ಇಡುಗಂಟು ಇರುವವನು ಕಂತು ಕಟ್ಟುತ್ತಾನಾ? ಅವನ ದುಡ್ಡೂ ಮನೆಯಿಂದ ಬರಬೇಕಿತ್ತು. ಕಂತು ತಡವಾದರೆ ಮೋನೆಯ ಕಾಗದಗಳು ಬೈಗುಳದಂತಿರುತ್ತಿದ್ದವು. ಆದರೂ ಆಗಸ್ಟಿನಲ್ಲಿ ಹುಟ್ಟಿದ ಮಗು ಜಾನ್‌ಗೆ ಗಾಡ್‌ಫಾದರ್ ಆದವನು ಬಾಜೀಲನೇ.

ಇದನ್ನು ಓದುವಾಗ ನನ್ನ ಗೆಳೆಯ ನೆನಪಾಗುತ್ತಾನೆ. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದೇ ಚಿತ್ರಕಲೆ ಪುಸ್ತಕಕ್ಕೆ ಇಬ್ಬರೂ ಕೈ ಹಾಕಿ ಪರಿಚಯವಾದವರು ನಾವು. ಅರ್ಧರ್ಧ ದುಡ್ಡು ಹಾಕಿ ಕೊಂಡೆವು, ತಿಂಗಳು ಅವನ ಮನೆ, ತಿಂಗಳು ನನ್ನ ಮನೆ. ಅವನು ತೀರಿಕೊಂಡಾಗ ಪುಸ್ತಕದ ಸರದಿ ಅವನದಿತ್ತು. ಈಗಲೂ ಅವರ ಮನೆಯಲ್ಲೇ ಇದೆ. ಕೇಳುವ ಮನಸ್ಸಾಗಿಲ್ಲ... ಇರಲಿ.

ಸಲೋನ್ ಬಾಗಿಲು ಹಾಕಿದ ಆ 1867ರಲ್ಲೇ ಬಾಜೀಲ್ ಮನೆಗೆ ಬರೆದ ಕಾಗದದಲ್ಲಿ ಹೊಸ ಯೋಜನೆಯೊಂದಿದೆ. ನಾವೇ ಜಾಗ ಬಾಡಿಗೆಗೆ ಹಿಡಿದು, ಯಾವ ತೀರ್ಪುಗಾರರ ಹಂಗೂ ಇಲ್ಲದೆ ಪ್ರದರ್ಶನ ಮಾಡೋಣ ಅಂತ. ಗೆಳೆಯರು ಕಷ್ಟಪಟ್ಟು ದುಡ್ಡು ಕೂಡಿಸಿದರು, ಸಾಲಲಿಲ್ಲ. ಜಗತ್ತು ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ಅಂತ ಕರೆಯುವುದು 1874ರ ಏಪ್ರಿಲ್ 15ರಂದು ಶುರುವಾದದ್ದನ್ನು. ಏಳು ವರ್ಷ ಮೊದಲೇ ಅದನ್ನು ಕಾಗದದ ಮೇಲೆ ಬರೆದಿಟ್ಟವನು ಆ ಹೊತ್ತಿಗೆ ಇರಲಿಲ್ಲ.

1870ರ ಜುಲೈನಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಹತ್ತಿಕೊಂಡಿತು. ಮೋನೆ ಹೆಂಡತಿ ಮಗುವಿನೊಂದಿಗೆ ಲಂಡನ್ ಸೇರಿದ. ರೆನ್ವಾರ್ ಕುದುರೆ ದಳದಲ್ಲಿದ್ದು ಕಾಯಿಲೆ ಬಿದ್ದ. ಬಾಜೀಲ್ ಆಗಸ್ಟಿನಲ್ಲಿ ತಾನಾಗಿ ಹೋಗಿ ಝ್ವಾವ್ ಎಂಬ ಕಾಲಾಳು ಪಡೆಗೆ ಸೇರಿದ. ನವೆಂಬರ್ 28ರಂದು ಬೋನ್-ಲಾ-ರೋಲಾಂಡ್‌ನ ಕದನದಲ್ಲಿ ಗುಂಡೇಟಿಗೆ ಸತ್ತ. ಇಪ್ಪತ್ತೊಂಬತ್ತು ತುಂಬಲು ಎಂಟು ದಿನ ಬಾಕಿ. ಅಪ್ಪ ಗಾಸ್ತೋಂ ಆ ರಣರಂಗಕ್ಕೇ ಹೋಗಿ ಮಗನ ದೇಹ ಹುಡುಕಿ ಊರಿಗೆ ತಂದರು.

ಆ ವರ್ಷದ ಆರಂಭದಲ್ಲಷ್ಟೇ ಬಾಜೀಲ್ ತನ್ನ ಸ್ಟುಡಿಯೋದ ಚಿತ್ರ ಬರೆದಿದ್ದ. ಗೆಳೆಯರೆಲ್ಲ ಅದರಲ್ಲಿದ್ದಾರೆ, ನಡುವೆ ನಿಂತ ಉದ್ದನೆಯ ಬಾಜೀಲನೂ ಇದ್ದಾನೆ. ಆ ಒಂದು ಆಕೃತಿಯನ್ನು ಬರೆದದ್ದು ಮಾತ್ರ ಬಾಜೀಲನಲ್ಲ, ಹಿರಿಯ ಗೆಳೆಯ ಮಾನೆ (ಮೋನೆ ಬೇರೆ, ಮಾನೆ ಬೇರೆ). ಕೊಕ್ಕರೆ ಬರೆಯುವ ಬಾಜೀಲನ ಚಿತ್ರ ಹೇಳಿದೆನಲ್ಲ, ಅದೂ ಇದೇ ಮಾನೆಯ ಬಳಿ ಇತ್ತು.

1876ರಲ್ಲಿ ಇಂಪ್ರೆಷನಿಸ್ಟರ ಎರಡನೇ ಪ್ರದರ್ಶನ. ರೆನ್ವಾರ್ ಆ ಚಿತ್ರವನ್ನು ಮಾನೆಯಿಂದ ತಂದು ಅಲ್ಲಿ ತೂಗುಹಾಕಿದ. ಗಾಸ್ತೋಂ ಬಾಜೀಲ್ ಅದನ್ನು ನೋಡಿದರು. ಯುದ್ಧಭೂಮಿಯಿಂದ ಮಗನನ್ನು ಎತ್ತಿ ತಂದು ಆಗಲೇ ಆರನೇ ವರ್ಷ. ಇಲ್ಲಿ ಮಗ ಬೆನ್ನು ಬಾಗಿಸಿ ಕೂತು ಚಿತ್ರ ಬರೆಯುತ್ತಿದ್ದಾನೆ. ಆ ಚಿತ್ರ ತಮಗೆ ಬೇಕು ಅಂದರು. ಬದಲಿಗೆ ಮಾನೆಗೆ ಕೊಟ್ಟದ್ದು, ಮಗ ತಿಂಗಳಿಗೆ ಐವತ್ತರಂತೆ ಕೊಂಡಿದ್ದ 'ತೋಟದಲ್ಲಿ ಹೆಂಗಸರು'.

ಮುಂದೆ ಮಾನೆಗೂ ಮೋನೆಗೂ ಏನೋ ಜಗಳವಾಗಿ ಆ ದೊಡ್ಡ ಚಿತ್ರ ತಿರುಗಿ ಮೋನೆಯ ಮನೆ ಸೇರಿತು. ಎಂಬತ್ತು ದಾಟುವವರೆಗೂ ಅವನ ಬಳಿಯೇ ಇತ್ತು. 1921ರಲ್ಲಿ ಫ್ರೆಂಚ್ ಸರ್ಕಾರ ಅದನ್ನು ಕೊಂಡಾಗ ಕೊಟ್ಟ ಬೆಲೆ 2,00,000 ಫ್ರಾಂಕು.